ನೀರಜ್ಜಿಯ ನಲವತ್ತು ನಿಮಿಷ

ನೀರಜ್ಜಿಯ ಮನೆಯಲ್ಲಿ ಹತ್ತೊಂಬತ್ತು ಗಡಿಯಾರಗಳಿದ್ದವು, ಒಂದಕ್ಕೂ ಇನ್ನೊಂದಕ್ಕೂ ಮಾತುಕತೆ ಇರಲಿಲ್ಲ. ನಡುಮನೆಯದು ಎಂಟು ಹೊಡೆದರೆ ಅಡುಗೆಮನೆಯದು ಇನ್ನೂ ಏಳೂಕಾಲರ ನಿದ್ದೆಯಲ್ಲಿರುತ್ತಿತ್ತು. ಬಚ್ಚಲ ಬಾಗಿಲ ಮೇಲಿನದಕ್ಕಂತೂ ತಾನು ಯಾವ ವರ್ಷದಲ್ಲಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಊರಿನವರ ಗಡಿಯಾರಗಳನ್ನೆಲ್ಲ ಸರಿಮಾಡುವುದರಲ್ಲಿ ಮನೆಯವನ್ನು ಸರಿಮಾಡಲು ಅವರಿಗೆ ಪುರುಸೊತ್ತೇ ಸಿಗಲಿಲ್ಲ. ದಿನಾ ಬೆಳಿಗ್ಗೆ ಎದ್ದು ಹತ್ತೊಂಬತ್ತಕ್ಕೂ ಕೀಲಿ ಕೊಡುತ್ತಿದ್ದರು, ಅಷ್ಟೇ.

ಬೇಸಿಗೆ ಶುರುವಾಗುವ ಹೊತ್ತಿಗೆ, ಅಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ವಾಚಿನ ಮೇಲೆ ಬಗ್ಗಿದ್ದವರು ಹಾಗೇ ಹೋಗಿಬಿಟ್ಟರು. ವಾಚಿನ ಗಿರಾಕಿ ಎದುರಿಗೆ ಕೂತು ಅರ್ಧ ಗಂಟೆ ಕಾದ. ಎಂಥ ಶ್ರದ್ಧೆ ಇವರದು, ತಲೆ ಕೂಡ ಎತ್ತುವುದಿಲ್ಲವಲ್ಲ ಎಂದು ಮೆಚ್ಚಿಕೊಳ್ಳುತ್ತಲೇ ಕಾದನಂತೆ. ಅದಾದ ಮೇಲೆ ಮನೆಯ ಗಡಿಯಾರಗಳೂ ಒಂದೊಂದಾಗಿ ನಿಂತವು. ನೀರಜ್ಜಿ ಒಂದಕ್ಕೂ ಕೀಲಿ ಕೊಡಲಿಲ್ಲ. ಐದು ತಿಂಗಳು ಸಮುದ್ರದ ಕಡೆಗೂ ಮುಖ ಹಾಕಲಿಲ್ಲ.

ಇದು ಸಣ್ಣ ಮಾತಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳನ್ನು ಹಬೆಯ ಪ್ರೆಸ್ಸಿಗೆ ಕೊಟ್ಟು ಕೊಟ್ಟು ಬೆಂದ ಮೈ ಅವಳದು. ಆ ಹಬೆಯಲ್ಲಿ ಒಂದು ಊರಿಗೆ ಆಗುವಷ್ಟು ಅಡುಗೆ ಬೇಯಿಸಬಹುದಿತ್ತು. ಅದಕ್ಕೇ ಆ ಮೈ ತಣ್ಣೀರು ಕಂಡರೆ ಕರು ಹಸುವಿನತ್ತ ಓಡಿದ ಹಾಗೆ ಓಡುತ್ತಿತ್ತು. ಕೆಲಸಕ್ಕೆ ಹೋಗುವ ಮುಂಚೆ, ಚಳಿಗಾಲ ಒಂದು ಬಿಟ್ಟು, ದಿನಾ ಬೆಳಿಗ್ಗೆ ಆರಕ್ಕೆ ನೀರು. ಬಂದರಿನ ಕಲ್ಲು ಮೆಟ್ಟಿಲಲ್ಲಿ ಇಳಿದು, ದಡದುದ್ದಕ್ಕೂ ಈಜಿ, ದೋಣಿ ಎಳೆಯುವ ಇಳಿಜಾರಿನಲ್ಲಿ ಏಳುವುದು. ಒಂದು ಮೈಲಿಗೆ ಒಂದು ಗೇಣು ಕಮ್ಮಿ. ಬೆಳಗಿನ ಹೊತ್ತು ನೀರು ಆ ಕಡೆಗೇ ಹರಿಯುವುದರಿಂದ ವಾಪಸ್ ಈಜಿಕೊಂಡು ಬರುವ ಹಾಗಿಲ್ಲ. ಹಾಗಾಗಿ ಒಣ ಬಟ್ಟೆ, ಟವೆಲ್ಲು, ಚಪ್ಪಲಿ ಇವೆಲ್ಲ ದಡದಲ್ಲಿ ಯಾರಾದರೂ ಹೊತ್ತುಕೊಂಡು ನಡೆಯಬೇಕು. ಅದು ಯಜಮಾನರ ಕೆಲಸ. ಮೂವತ್ತನಾಲ್ಕು ವರ್ಷ ಹೆಗಲಿಗೆ ಕಂದು ಚೀಲ ಹಾಕಿಕೊಂಡು ಅವರು ಅವಳ ಸಮಕ್ಕೆ ನಡೆದರು. ಅವರಿಗೆ ಈಜು ಬರುತ್ತಿರಲಿಲ್ಲ. ನೀರು ಪಾದಕ್ಕಿಂತ ಮೇಲೆ ಬಂದರೆ ಬೆಕ್ಕಿನ ಹಾಗೆ ಕಾಲು ಕೊಡವುವವರು.

ನೀರಜ್ಜಿ ಉಸಿರಿಗೆ ಮುಖ ತಿರುಗಿಸುವುದು ಎಡಕ್ಕೆ ಮಾತ್ರ. ದಡ ಇರುವುದೂ ಎಡಕ್ಕೇ. ಪ್ರತಿ ಉಸಿರಿಗೂ ಒಮ್ಮೆ ಯಜಮಾನರು ಕಾಣುತ್ತಿದ್ದರು. ಮದುವೆಯಾದ ಹೆಂಗಸು ಯಾರೂ ತನ್ನಷ್ಟು ಸಲ ಗಂಡನ ಮುಖ ನೋಡಿರಲಿಕ್ಕಿಲ್ಲ ಎಂದು ಅವಳು ಲಾಂಡ್ರಿಯಲ್ಲಿ ಹೇಳಿಕೊಂಡು ನಗಿಸುತ್ತಿದ್ದಳು.

ದಡ ಹತ್ತಿದ ಕೂಡಲೇ ಅವಳದು ಒಂದೇ ಪ್ರಶ್ನೆ.

"ಎಷ್ಟಾಯ್ತು?"

ಅವರು ಚೀಲದ ಪಕ್ಕದ ಜೇಬಿನಿಂದ ವಾಚು ತೆಗೆದು ತೋರಿಸುತ್ತಿದ್ದರು. ಸಮುದ್ರಕ್ಕೆಂದೇ ಇಟ್ಟ ವಾಚು ಅದು, ಬೇರೆಲ್ಲಿಗೂ ಹೋಗುತ್ತಿರಲಿಲ್ಲ. "ನಲವತ್ತು."

ಮೂವತ್ತೇಳರ ಹರೆಯದಲ್ಲೂ ನಲವತ್ತು, ಎಪ್ಪತ್ತರಲ್ಲೂ ನಲವತ್ತು. ಹೆಚ್ಚೆಂದರೆ ನಲವತ್ತೊಂದು. ಆ ದಿನ ಅವಳು ಮಧ್ಯಾಹ್ನದವರೆಗೆ ಮುಖ ಊದಿಸಿಕೊಂಡಿರುತ್ತಿದ್ದಳು. ಊರಿನಲ್ಲಿ ಎದುರು ಸಿಕ್ಕವರಿಗೆಲ್ಲ ಈ ನಲವತ್ತರ ಕತೆ ಹೇಳಿ ಹೇಳಿ, ಜನ ಅವಳನ್ನು ಕಂಡರೆ ರಸ್ತೆ ದಾಟುತ್ತಿದ್ದರು.

ಬದಲಾದದ್ದು ಊರು, ತಾನಲ್ಲ ಎಂಬುದು ಅವಳ ದೂರು. ಮೊದಲೆಲ್ಲ ಅವಳು ಮೈ ಒರೆಸಿಕೊಂಡು, ಬಟ್ಟೆ ಹಾಕಿಕೊಂಡು, ಫ್ಲಾಸ್ಕಿನ ಕಾಫಿ ಮುಗಿಸುವ ಹೊತ್ತಿಗೆ ಐಸ್ ಫ್ಯಾಕ್ಟರಿಯ ಏಳು ಗಂಟೆಯ ಸೈರನ್ ಕೂಗುತ್ತಿತ್ತು. ಬರುಬರುತ್ತ ಅದು ಬಟ್ಟೆ ಹಾಕಿಕೊಳ್ಳುವಾಗಲೇ ಕೂಗತೊಡಗಿತು. ಆಮೇಲೆ ಮೈ ಒರೆಸಿಕೊಳ್ಳುವಾಗ. ಈಗೆರಡು ವರ್ಷದಿಂದ ಇನ್ನೂ ನೀರಿನಲ್ಲಿರುವಾಗಲೇ.

"ಈ ಐಸ್ ಫ್ಯಾಕ್ಟರಿಯವರಿಗೆ ಏನು ಬಂದಿದೆ ಅಂತ, ದಿನದಿಂದ ದಿನಕ್ಕೆ ಬೇಗ ಕೂಗಿಸ್ತಾರೆ?" ಎಂದು ಅವಳು ಕೇಳಿದರೆ ಯಜಮಾನರು ಮರಳು ನೋಡುತ್ತ, "ಹೊಸ ಮ್ಯಾನೇಜರ್ ಬಂದಿದ್ದಾನೆ, ಅವನಿಗೆ ಅವಸರ," ಎನ್ನುತ್ತಿದ್ದರು. ಹಾಗೆ ಎಂಟು ವರ್ಷದಲ್ಲಿ ನಾಲ್ಕು ಮ್ಯಾನೇಜರುಗಳು ಬಂದು ಹೋದರು. ಒಬ್ಬನಿಗೆ ನಿದ್ದೆ ಬರುವುದಿಲ್ಲ, ಒಬ್ಬನ ಹೆಂಡತಿ ಬಜಾರಿ, ಒಬ್ಬನಿಗೆ ಹೊಟ್ಟೆ ಸರಿಯಿಲ್ಲ. ನಾಲ್ಕನೆಯವನು ಸುಮ್ಮನೆ ಕೆಟ್ಟವನು. ನೀರಜ್ಜಿ ನಾಲ್ವರನ್ನೂ ಮನಸಾರೆ ಬೈದಿದ್ದಳು.

ಈಗ ಎಲೆ ಉದುರುವ ಕಾಲ ಬಂತು. ಇನ್ನು ಹತ್ತು ಹದಿನೈದು ದಿನ ಕಳೆದರೆ ನೀರು ಮುಟ್ಟಲಾಗುವುದಿಲ್ಲ. ಎಪ್ಪತ್ತೊಂದರಲ್ಲಿ ಒಂದು ಇಡೀ ವರ್ಷ ಬಿಟ್ಟರೆ ಮುಂದಿನ ವರ್ಷ ಮೈ ಒಪ್ಪುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇನ್ನೂ ಒಂದು ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮನೆಯ ಮೂಲೆ ಮೂಲೆಯಲ್ಲೂ ಯಜಮಾನರು ಇಲ್ಲದಿರುವುದನ್ನು ಅವಳು ನೋಡಿಯಾಗಿತ್ತು. ನೀರಿನಲ್ಲಿ ಉಸಿರಿಗೆ ಎಡಕ್ಕೆ ತಿರುಗಿದಾಗ ಮಾತ್ರ ಇನ್ನೂ ನೋಡಿರಲಿಲ್ಲ. ಅಲ್ಲೊಂದು ಕಡೆ ಅವರು ಇನ್ನೂ ಇರಬಹುದು ಎಂಬ ಹುಚ್ಚು ಅವಳಿಗೆ.

ಮಹಡಿಯ ಮೇಲಿನ ನಾದಿನಿಯನ್ನು ಕೂಗಿ ಕರೆದಳು. ಯಜಮಾನರ ತಂಗಿ, ಅರವತ್ತಾರರವಳು. ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಕೂತು ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಬರೆದವಳು. ಡ್ರೈವರುಗಳು ಎದುರಿಗೆ ಟೈಮಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ ಏನೇನೋ ಎನ್ನುತ್ತಿದ್ದರು. ಎರಡು ನಿಮಿಷ ತಡವಾಗಿ ಹೊರಟ ಬಸ್ಸನ್ನು ಅರ್ಧ ಮೈಲಿ ಅಟ್ಟಿಸಿಕೊಂಡು ಹೋಗಿ ಡ್ರೈವರನಿಗೆ ಬೈದು ಬಂದವಳು. ಆ ಮನೆಯ ಮಕ್ಕಳಿಗೆ ಹಾಲುಹಲ್ಲಿನ ಜೊತೆ ಸೆಕೆಂಡಿನ ಮುಳ್ಳೂ ಮೂಡುತ್ತಿತ್ತೇನೋ.

"ನಾಳೆ ನೀರಿಗಿಳೀತೀನಿ ಕಣೇ," ಅಂದಳು ನೀರಜ್ಜಿ.

"ಯಾವ ನೀರಿಗೆ? ಬಚ್ಚಲಿನದಾ?"

"ಸಮುದ್ರದ್ದು. ನೀನು ಚೀಲ ಹಿಡ್ಕೊಂಡು ದಡದಲ್ಲಿ ಬರ್ಬೇಕು."

ನಾದಿನಿ ಕುರ್ಚಿ ಎಳೆದು ಕೂತಳು. "ನಿಮಗೆ ಎಪ್ಪತ್ತೊಂದು ಅತ್ತಿಗೆ. ಡಾಕ್ಟರು ಏನಂದಿದ್ರು? ಈ ವಯಸ್ಸಲ್ಲಿ, ಈ ತಣ್ಣೀರಲ್ಲಿ, ನಲವತ್ತೈದು ನಿಮಿಷದ ಮೇಲೆ ಇರಕೂಡದು ಅಂದಿರ್ಲಿಲ್ವಾ?"

"ಅಂದಿದ್ರು. ನನಗೆ ನಲವತ್ತೇ ಸಾಕು. ಮಿಕ್ಕ ಐದು ನಿಮಿಷ ಡಾಕ್ಟರೇ ಇಟ್ಕೊಳ್ಳಲಿ."

"ಐದು ತಿಂಗಳಿಂದ ಮಂಚ ಬಿಟ್ಟು ಅಲ್ಲಾಡಿಲ್ಲ ನೀವು."

"ತಿಮಿಂಗಿಲಾನೂ ಮಲಗತ್ತೆ. ಎದ್ದ ಮೇಲೆ ಈಜು ಮರೆತು ಕೂರತ್ತಾ?"

ನಾದಿನಿಗೆ ಅತ್ತಿಗೆಯ ಹಟ ಹೊಸದಲ್ಲ. "ಆಯ್ತು. ಬರ್ತೀನಿ. ಆದ್ರೆ ನಲವತ್ತೈದು ದಾಟಿತೋ, ಅಲ್ಲಿಗೆ ಮುಗೀತು. ಆಮೇಲೆ ನೀರಿನ ಹೆಸರೆತ್ತಕೂಡದು. ನನ್ನ ಅಣ್ಣನ್ನ ಕಳ್ಕೊಂಡಿದ್ದು ಸಾಕು, ನಿಮ್ಮನ್ನೂ ಕಳ್ಕೊಳ್ಳೋಕೆ ನನಗೆ ಆಗಲ್ಲ."

"ದಾಟಿದ್ರೆ ನನ್ನ ಈಜುಬಟ್ಟೇಲಿ ನೆಲ ಒರೆಸ್ಕೋ, ಹೋಗು."

"ನಿಮ್ಮ ಈಜುಬಟ್ಟೇಲಿ ಇಡೀ ಬಸ್ ಸ್ಟ್ಯಾಂಡ್ ಒರೆಸ್ಬಹುದು ಬಿಡಿ."

ಮಾರನೇ ಬೆಳಿಗ್ಗೆ ನೀರಜ್ಜಿ ಬಾಗಿಲ ಹಿಂದಿನ ಮೊಳೆಯಿಂದ ಚೀಲ ತೆಗೆದು, ಬಾಯಿ ಬಿಚ್ಚದೆ, ಮೇಲೊಂದು ಟವೆಲ್ಲು ತುರುಕಿ ನಾದಿನಿಯ ಹೆಗಲಿಗೆ ಹಾಕಿದಳು. ನಾದಿನಿ ಒಂದು ಪಕ್ಕಕ್ಕೆ ವಾಲಿದಳು.

"ಏನು ಕಲ್ಲು ತುಂಬಿದ್ದೀರಾ ಅತ್ತಿಗೆ?"

"ನಿಮ್ಮಣ್ಣನ ಚೀಲ. ಅವ್ರು ಹೇಗಿಟ್ಟಿದ್ರೋ ಹಾಗೇ ಇದೆ. ಟವೆಲ್ಲು ತೆಗೆಯೋಕೂ ನನಗೆ ಕೈ ಹಾಕೋಕೆ ಬಿಡ್ತಿರ್ಲಿಲ್ಲ, ತಾವೇ ಕೊಡೋರು."

ದಾರಿಯ ಮರಗಳು ಅರ್ಧ ಬೋಳಾಗಿದ್ದವು. ರಸ್ತೆಯ ಎಲೆಗಳನ್ನೆಲ್ಲ ಗಾಳಿ ಗುಡಿಸಿ ಗುಡಿಸಿ ಸಮುದ್ರಕ್ಕೆ ಹಾಕುತ್ತಿತ್ತು. ಕಲ್ಲು ಮೆಟ್ಟಿಲ ಹತ್ತಿರ ನಾದಿನಿ ಪಕ್ಕದ ಜೇಬಿನಿಂದ ವಾಚು ತೆಗೆದಳು. ಅದು ಯಾವಾಗಲೋ ನಿಂತಿತ್ತು. ಕೀಲಿ ಕೊಟ್ಟು, ತನ್ನ ಕೈಗಡಿಯಾರ ನೋಡಿ, ಅದರಲ್ಲೂ ಸರಿಯಾಗಿ ಆರು ಮಾಡಿದಳು. ಬಸ್ಸು ಬಿಡುವ ದನಿಯಲ್ಲಿ, "ಆರು ಗಂಟೆ. ಹೊರಡಿ," ಅಂದಳು.

ನೀರು ಮಂಡಿಗೆ ಬಂದಾಗ ಚಳಿಯಾಯಿತು, ಸೊಂಟಕ್ಕೆ ಬಂದಾಗ ಹೆತ್ತ ತಾಯಿಯ ನೆನಪಾಯಿತು, ಎದೆಗೆ ಬಂದಾಗ ಏನೂ ನೆನಪಾಗಲಿಲ್ಲ. ನೀರಜ್ಜಿ ಮುಖ ಮುಳುಗಿಸಿ ಕೈ ಬೀಸಿದಳು. ಒಂದು, ಎರಡು, ಮೂರು. ಉಸಿರಿಗೆ ಎಡಕ್ಕೆ ತಿರುಗಿದಳು.

ಕಂದು ಚೀಲ ಕಂಡಿತು. ಒಂದು ಕ್ಷಣ, ಒಂದೇ ಒಂದು ಕ್ಷಣ, ಚೀಲ ಮಾತ್ರ ಕಂಡಿತು. ಮುಂದಿನ ಉಸಿರಿಗೆ ಚೀಲದ ಮೇಲೆ ನಾದಿನಿಯ ಗಿಡ್ಡ ಕುತ್ತಿಗೆ, ಸಿಟ್ಟಿನ ನಡಿಗೆ ಎಲ್ಲ ಕಂಡವು. ಅದರ ಮುಂದಿನದಕ್ಕೆ ನಾದಿನಿಯೂ ಇಲ್ಲ, ಬರೀ ಮರಳು.

ತಲೆ ಎತ್ತಿ ನೋಡಿದರೆ ಅವಳು ಮುಂದೆ ಹೋಗಿ ಬೋರಲು ಹಾಕಿದ ದೋಣಿಯ ಮೇಲೆ ಕೂತಿದ್ದಳು. ನೀರಜ್ಜಿ ಅಲ್ಲಿಗೆ ಮುಟ್ಟಿದ ಮೇಲೆ ಎದ್ದಳು, ಮತ್ತೆ ಹತ್ತೆಣಿಸುವುದರೊಳಗೆ ಮುಂದೆ ಹೋಗಿ ಒಂದು ಕಲ್ಲಿನ ಮೇಲೆ ಕೂತಳು. ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗುವ ಬಸ್ಸಿನ ಹಾಗೆ. ಇವಳಿಗೆ ಜೊತೆಗೆ ನಡೆಯೋದೇ ಗೊತ್ತಿಲ್ಲ, ಇವಳಣ್ಣ ಹೇಗೆ ಸಮಕ್ಕೆ ಬರುತ್ತಿದ್ದರು ಎಂದುಕೊಂಡಳು ನೀರಜ್ಜಿ. ಬೈದುಕೊಂಡು ಈಜಿದರೆ ಕೈ ಚುರುಕಾಗುತ್ತದೆ. ನೀರ ಮೇಲಿನ ಎಲೆಗಳು ತೋಳಿಗೆ, ಕುತ್ತಿಗೆಗೆ ಅಂಟುತ್ತಿದ್ದವು. ಒಂದು ಬಾಯಿಗೇ ಬಂತು, ಉಗಿದಳು.

ಚೆನ್ನಾಗಿಯೇ ಈಜುತ್ತಿದ್ದೇನೆ ಅನ್ನಿಸಿತು. ಮೊದಲಿನ ಹಾಗೆಯೇ. ಇಪ್ಪತ್ತು ನಿಮಿಷಕ್ಕೆ ಸಿಗಬೇಕಾದ ಕಪ್ಪು ಬಂಡೆ ಸಿಕ್ಕಿತು, ಮೂವತ್ತೈದು ನಿಮಿಷಕ್ಕೆ ಸಿಗಬೇಕಾದ ಹಳೇ ಬಲೆಕಂಬಗಳು ಎದುರಿಗೆ ಕಂಡವು. ಆಗ ಐಸ್ ಫ್ಯಾಕ್ಟರಿಯ ಸೈರನ್ ಕೂಗಿತು.

ನೀರಜ್ಜಿ ಅಭ್ಯಾಸಬಲದಿಂದ ಮನಸ್ಸಿನಲ್ಲೇ ಮ್ಯಾನೇಜರನನ್ನು ಬೈದಳು. ಬೈದು ಎಡಕ್ಕೆ ತಿರುಗಿದಳು. ದಡದಲ್ಲಿ ನಾದಿನಿ ನಿಂತಿದ್ದಳು. ಒಮ್ಮೆ ಕೈಗಡಿಯಾರ ನೋಡುತ್ತಿದ್ದಳು, ಒಮ್ಮೆ ಇನ್ನೊಂದು ಕೈಯಲ್ಲಿದ್ದ ವಾಚು ನೋಡುತ್ತಿದ್ದಳು, ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಹೊಸ ಮ್ಯಾನೇಜರನ ವಿಚಾರ ಹೇಳುವವರು ಯಾರೂ ಇರಲಿಲ್ಲ.

ಏಳು ಗಂಟೆ.

ಕಿವಿಗೆ ನೀರು ಹೊಕ್ಕ ಹಾಗೆ ಆ ಮಾತು ಒಳಗೆ ಹೊಕ್ಕಿತು, ಹೊಕ್ಕಮೇಲೆ ಹೊರಗೆ ಬರಲಿಲ್ಲ. ಕೈ ಬೀಸುತ್ತಲೇ ಯೋಚಿಸಿದಳು. ಈ ನಾದಿನಿ ಮಾಮೂಲಿಯಾಗಿ ನಡೆದರೂ ಹತ್ತು ಕಡೆ ಕೂತು ತನಗೆ ಕಾಯಬೇಕಾಗಿದೆ. ಯಜಮಾನರು ಒಂದು ಸಲವೂ ಕೂತವರಲ್ಲ. ಒಂದು ಹೆಜ್ಜೆ ಮುಂದೆ ಹೋದವರಲ್ಲ. ಕಪ್ಪೆಚಿಪ್ಪು ನೋಡುತ್ತ, ಮರಳು ಕೆದಕುತ್ತ, ನಿಂತು ನಿಂತು ಬರುತ್ತಿದ್ದರು. "ನೀವು ನಡೆಯೋದು ನೋಡಿದ್ರೆ ಆಮೆ ಕೂಡ ಆಕಳಿಸತ್ತೆ," ಎಂದು ತಾನು ಎಷ್ಟು ಸಲ ಹಂಗಿಸಿಲ್ಲ. ಅವರು ನಗುತ್ತಿದ್ದರು. ಹಾಗಾದರೆ ಅವರು ಹಾಗೆ ನಡೆಯುತ್ತಿದ್ದದ್ದು ಯಾಕೆ?

ಬಲೆಕಂಬ ದಾಟುವ ಹೊತ್ತಿಗೆ ಬೆರಳುಗಳು ಅವಳವಲ್ಲ ಎನ್ನುವ ಹಾಗಾದವು. ದವಡೆ ತಾನಾಗಿ ಕಟಕಟ ಎನ್ನುತ್ತಿತ್ತು. ಎಡಕ್ಕೆ ತಿರುಗುವುದನ್ನು ಬಿಟ್ಟು ಬಲಕ್ಕೆ ತಿರುಗಿ ನೋಡಿದಳು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಬಲಕ್ಕೆ ಬರೀ ನೀರು, ನೀರಿನ ಆಚೆಗೂ ನೀರು, ಬಾಯಿಗೂ ನೀರು. ಕೆಮ್ಮಿ, ಮತ್ತೆ ಎಡಕ್ಕೇ ತಿರುಗಿದಳು.

ಇಳಿಜಾರಿನ ಹತ್ತಿರ ಬಂದಾಗ ನಾದಿನಿ ಮಂಡಿಯುದ್ದ ನೀರಿನಲ್ಲಿ ನಿಂತಿದ್ದಳು. ಕೈಯಲ್ಲಿ ಹಗ್ಗದ ಸುರುಳಿ, ಹಗ್ಗದ ತುದಿಗೆ ಬಿಗಿಯಾಗಿ ಮುಚ್ಚಿದ ಖಾಲಿ ಎಣ್ಣೆ ಡಬ್ಬಿ. ಎಸೆಯಲು ತಯಾರಾಗಿ ನಿಂತ ಹಾಗಿತ್ತು.

ನೀರಜ್ಜಿ ಮಂಡಿಯೂರಿ ಎದ್ದಳು. ನಾದಿನಿ ಅವಳ ತೋಳು ಹಿಡಿದು ಮೇಲಕ್ಕೆ ಎಳೆದು, ಟವೆಲ್ಲು ಹೊದಿಸಿ, ಬೆನ್ನು ಉಜ್ಜಿದಳು. ದವಡೆ ಸ್ವಲ್ಪ ತನ್ನ ಮಾತು ಕೇಳುವ ಹಾಗಾದಾಗ ನೀರಜ್ಜಿ ಹಗ್ಗ ನೋಡಿ ಅಂದಳು, "ಅದೇನು?"

"ಅಣ್ಣನ ಚೀಲದಲ್ಲಿತ್ತು. ಭಾರ ಇದರದ್ದೇ."

"ಚೀಲ ಬಿಚ್ಚಿದ್ಯಾ?"

"ನೀವು ಮುಳುಗೋ ಹಾಗೆ ಕಂಡ್ರಿ. ಬಿಚ್ಚದೆ ಏನು ಮಾಡ್ಲಿ? ಬಿಚ್ಚಿದ್ರೆ ಎಲ್ಲ ಇದೆ. ಹಗ್ಗ ಇದೆ, ಡಬ್ಬಿ ಇದೆ, ಉಣ್ಣೆ ಟೋಪಿ ಇದೆ, ಆಸ್ಪತ್ರೆ ಫೋನ್ ನಂಬರ್ ಬರೆದ ಚೀಟಿ ಇದೆ."

ನೀರಜ್ಜಿ ಮೂವತ್ತನಾಲ್ಕು ವರ್ಷ ಕೇಳಿದ್ದನ್ನೇ ಕೇಳಿದಳು.

"ಎಷ್ಟಾಯ್ತು?"

ಇಡೀ ಬಸ್ ನಿಲ್ದಾಣಕ್ಕೆ ಕೇಳುವ ಹಾಗೆ ಟೈಮು ಕೂಗಿದ ನಾದಿನಿ ಈಗ ಗಂಟಲು ಸರಿಮಾಡಿಕೊಂಡಳು. ಎಡಗೈಯ ತೋಳನ್ನು ಕೆಳಕ್ಕೆ ಎಳೆದು ಮಣಿಕಟ್ಟು ಮುಚ್ಚಿ, ಬಲಗೈಯಲ್ಲಿದ್ದ ಯಜಮಾನರ ವಾಚು ಮುಂದೆ ಹಿಡಿದಳು.

"ಇದರಲ್ಲಿ ಆರು ನಲವತ್ತನಾಲ್ಕು. ಅಂದ್ರೆ ನಲವತ್ತನಾಲ್ಕು ನಿಮಿಷ. ಗೆದ್ರಿ ಅತ್ತಿಗೆ."

"ನಿನ್ನದರಲ್ಲಿ?"

"ಇದು ಅಣ್ಣನ ವಾಚು. ನೀವು ಯಾವಾಗ್ಲೂ ಇದನ್ನೇ ನೋಡೋದು ತಾನೇ."

"ನಿನ್ನ ಕೈ ತೋರ್ಸು."

"ಅತ್ತಿಗೆ, ಮೊದ್ಲು ಬಟ್ಟೆ ಹಾಕ್ಕೊಳ್ಳಿ."

"ಮೂವತ್ತು ವರ್ಷ ಒಂದು ನಿಮಿಷಕ್ಕೆ ಡ್ರೈವರುಗಳ ಜೀವ ತಿಂದವಳು ನೀನು. ಸುಳ್ಳು ಹೇಳೋಕೆ ನಿನಗೆ ಬರಲ್ಲ ಕಣೇ. ನಿಮ್ಮಣ್ಣನಿಗೆ ಬರ್ತಿತ್ತು."

ನೀರಜ್ಜಿ ಮರಗಟ್ಟಿದ ಬೆರಳುಗಳಿಂದ ಆ ತೋಳನ್ನು ಮೇಲಕ್ಕೆ ಸರಿಸಿದಳು. ಏಳು ಗಂಟೆ ಹತ್ತು ನಿಮಿಷ ದಾಟಿ ಮುಳ್ಳು ಹನ್ನೊಂದನೇ ನಿಮಿಷದತ್ತ ಹೋಗುತ್ತಿತ್ತು.

"ವಾಚು ಕೆಟ್ಟಿರಬಹುದು ಅತ್ತಿಗೆ. ಐದು ತಿಂಗಳು ಸುಮ್ಮನೆ ಬಿದ್ದಿತ್ತಲ್ಲ. ಇಲ್ಲಾಂದ್ರೆ ಅಣ್ಣ ಯಾಕೆ…" ಎಂದ ನಾದಿನಿ ಮಾತು ಮುಗಿಸಲಿಲ್ಲ. ಅಣ್ಣನ ಕೈಯಲ್ಲಿ ವಾಚು ಕೆಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮನೆಗೆ ಬಂದು, ಎರಡು ಕಂಬಳಿ ಹೊದ್ದು, ಬಿಸಿ ನೀರಿನಲ್ಲಿ ಕಾಲಿಟ್ಟುಕೊಂಡು ಕೂತಳು ನೀರಜ್ಜಿ. ಚಳಿ ಬಿಟ್ಟ ಮೇಲೆ ಯಜಮಾನರ ಮೇಜಿನ ಹತ್ತಿರ ಹೋದಳು. ಅವರು ಮನೆಯಲ್ಲೂ ಒಂದು ಸಣ್ಣ ಮೇಜು ಇಟ್ಟುಕೊಂಡಿದ್ದರು; ಅದರ ಮೇಲೆ ಚಿಮಟ, ಸೂಜಿಯಂಥ ಸ್ಕ್ರೂಡ್ರೈವರು, ವಾಚಿನ ಬೆನ್ನು ಬಿಚ್ಚುವ ಮೊಂಡು ಚಾಕು, ಭೂತಗನ್ನಡಿ ಎಲ್ಲ ಅವರಿಟ್ಟ ಹಾಗೆಯೇ ಇದ್ದವು. ಧೂಳು ಮಾತ್ರ ಹೊಸದು.

ಗಡಿಯಾರ ರಿಪೇರಿಯವರಿಗೆ ಒಂದು ಅಭ್ಯಾಸ ಇದೆ. ವಾಚು ಬಿಚ್ಚಿದಾಗಲೆಲ್ಲ ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ಸಣ್ಣದಾಗಿ ಗುರುತು ಕೆರೆದಿಡುತ್ತಾರೆ, ಯಾವಾಗ ಬಿಚ್ಚಿದೆ, ಏನು ಮಾಡಿದೆ ಎಂದು. ವಾಚು ಕಟ್ಟುವವರಿಗೆ ಅದು ಕಾಣುವುದೇ ಇಲ್ಲ. ಮುಂದೆ ಬಿಚ್ಚುವ ರಿಪೇರಿಯವರಿಗೆ ಮಾತ್ರ. ನೀರಜ್ಜಿ ಇದನ್ನು ನೂರು ಸಲ ನೋಡಿದ್ದಳು. ಚಾಕುವಿನ ಮೊನೆ ಸಂದಿಗಿಟ್ಟು ತಿರುಗಿಸಿದಳು. ಮುಚ್ಚಳ ಟಕ್ಕೆಂದು ಎದ್ದಿತು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡಳು.

ಇರುವೆ ಬರೆದಂಥ ಅಕ್ಷರ. ಎಂಟು ಸಾಲು, ಎಂಟು ವರ್ಷ. ಒಂದೊಂದರ ಮುಂದೆ ಒಂದು ಸಂಖ್ಯೆ. 43. 45. 47. 50. 53. 56. 60. ಕೊನೆಯದು, ಹೋದ ವರ್ಷದ್ದು, 63.

ಮೊದಲ ಸಾಲು ನೋಡಿದ ಕೂಡಲೇ ಅವಳಿಗೆ ಆ ವರ್ಷ ನೆನಪಾಯಿತು. ಲಾಂಡ್ರಿಯ ಕೆಲಸ ಮುಗಿದ ವರ್ಷ. ಒಂದು ಬೆಳಿಗ್ಗೆ ದಡಕ್ಕೆ ಬಂದು ಎಷ್ಟಾಯ್ತು ಎಂದರೆ ನಲವತ್ತಮೂರು ಅಂದಿದ್ದರು. ಅವಳು ಅಲ್ಲೇ ಮರಳಲ್ಲಿ ಕೂತು, "ನನ್ನ ಕತೆ ಮುಗೀತು. ಕೆಲಸಾನೂ ಹೋಯ್ತು, ನೀರೂ ಹೋಯ್ತು. ಇನ್ನು ಇಳಿಯಲ್ಲ," ಅಂದಿದ್ದಳು. ಅಂದ ಹಾಗೇ ಎಂಟು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಒಂಬತ್ತನೇ ದಿನ ಯಜಮಾನರು ವಾಚು ಹಿಡಿದುಕೊಂಡು ಬಂದು ಮಂಚದ ಅಂಚಿಗೆ ಕೂತರು. "ತಪ್ಪು ನಿನ್ನದಲ್ಲ ಕಣೇ. ಈ ಮುಂಡೇದು ಜೋರಾಗಿ ಓಡ್ತಿತ್ತು. ಬಿಚ್ಚಿ ಸರಿಮಾಡಿದೀನಿ. ನಾಳೆ ನೋಡು," ಅಂದರು. ಮಾರನೇ ದಿನ ನಲವತ್ತು. ಅವಳು ಖುಷಿಯಲ್ಲಿ ವಾಚಿಗೆ ಬೈದಿದ್ದೇ ಬೈದಿದ್ದು.

ಅಂದಿನಿಂದ ಪ್ರತಿ ವರ್ಷ ಅವರು ವಾಚಿನ ಹೊಟ್ಟೆ ಬಿಚ್ಚಿ, ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಏನೋ ಮಾಡಿ, ಅವಳು ಎಷ್ಟು ನಿಧಾನವಾದಳೋ ಅದನ್ನೂ ಅಷ್ಟೇ ನಿಧಾನ ಮಾಡಿದ್ದರು. ನಿಜವಾದ ಲೆಕ್ಕವನ್ನು ಅವಳ ಕಣ್ಣಿಗೆ ಬೀಳದ ಕಡೆ ಕೆರೆದಿಟ್ಟಿದ್ದರು. ಭಾರದ ಚೀಲ ಹೊತ್ತು, ಗಂಟೆಗಟ್ಟಲೆ ಮರಳು ಕೆದಕಿಕೊಂಡು, ಈಜು ಬಾರದ ಮನುಷ್ಯ, ಹಗ್ಗ ಹಿಡಿದುಕೊಂಡು ಅವಳ ಸಮಕ್ಕೆ ನಡೆದಿದ್ದರು.

ಅರವತ್ತರ ಪಕ್ಕದಲ್ಲಿ ಇನ್ನೂ ಸಣ್ಣದಾಗಿ ಏನೋ ಇತ್ತು. ನೀರಜ್ಜಿಗೆ ಓದು ಅಷ್ಟಕ್ಕಷ್ಟೇ. ಒಂದೊಂದೇ ಅಕ್ಷರ ಕೂಡಿಸಿದಳು. "ಅಲೆ ಜೋರಿತ್ತು."

ಯಾರೂ ನೋಡದ ಕಡೆಯಲ್ಲೂ ಅವಳ ಪರವಾಗಿಯೇ ಬರೆದಿದ್ದರು. ಐದು ತಿಂಗಳಿಂದ ಅಂಗಡಿಯಲ್ಲೂ ಮನೆಯಲ್ಲೂ ಜನರ ಮುಂದೂ ಅಳದೆ ಇದ್ದ ಹೆಂಗಸು ಆ ಎರಡು ಮಾತಿಗೆ ಭೂತಗನ್ನಡಿಯೊಳಗೇ ಅತ್ತಳು. ಗಾಜು ತುಂಬಿ ಸಮುದ್ರವಾಯಿತು.

ಸಂಜೆ ನಾದಿನಿ ಇಳಿದು ಬಂದಳು. ಒಗೆದ ಈಜುಬಟ್ಟೆ ಹಗ್ಗದ ಮೇಲೆ ಒಣಗುತ್ತಿತ್ತು. ಮೇಜಿನ ಮೇಲೆ ಬೆನ್ನು ಮುಚ್ಚಿದ ವಾಚು ಓಡುತ್ತಿತ್ತು. ಎಷ್ಟು ನಿಧಾನ ಎಂದರೆ ಒಂದು ಟಿಕ್ಕಿನಿಂದ ಇನ್ನೊಂದಕ್ಕೆ ಹೋಗುವುದರೊಳಗೆ ಒಂದು ನಿದ್ದೆ ತೆಗೆಯಬಹುದು.

"ಇದನ್ನ ಯಾರ ಹತ್ರಾನಾದ್ರೂ ಸರಿಮಾಡಿಸ್ತೀನಿ ಕೊಡಿ ಅತ್ತಿಗೆ," ಅಂದಳು. "ತಪ್ಪು ಟೈಮು ತೋರಿಸೋ ವಾಚು ಮನೇಲಿರಬಾರದು."

"ಮುಟ್ಟಬೇಡ. ಇದರ ಪ್ರಕಾರ ನಿಮ್ಮಣ್ಣ ಹೋಗಿ ಮೂರೇ ತಿಂಗಳು ಚಿಲ್ಲರೆ."

ನಾದಿನಿ ಬಟ್ಟೆಯ ಹಗ್ಗ ನೋಡಿಕೊಂಡು ಅಂದಳು: "ಮಾತು ಮಾತೇ ಅಂತ ನಾನು ಹಿಡ್ಕೊಂಡು ಕೂರಲ್ಲ. ಹತ್ರದಲ್ಲೇ, ಮೆಟ್ಟಿಲ ಹತ್ರ, ಹತ್ತು ನಿಮಿಷ ಇಳೀಬಹುದು ನೀವು."

"ಸಮುದ್ರ ಏನು ಸ್ನಾನದ ಕೋಣೆನಾ, ಹತ್ತು ನಿಮಿಷ ಮುಳುಗಿ ಏಳೋಕೆ?" ಅಂದಳು ನೀರಜ್ಜಿ. ಹಗ್ಗದ ಮೇಲಿನ ಬಟ್ಟೆ ಮುಟ್ಟಿ ನೋಡಿ, "ಬೇಡ ಕಣೇ. ಇವ್ರು ಇರೋವರೆಗೆ ಈಜಿದೆ. ಆ ಬಟ್ಟೆ ಒಣಗಿದ ಮೇಲೆ ತಗೊಂಡು ಹೋಗು," ಅಂದಳು.

ನಾದಿನಿ ತಗೊಂಡು ಹೋದಳು. ನೆಲ ಒರೆಸಲಿಲ್ಲ. ಇಸ್ತ್ರಿ ಮಾಡಿ, ಮಡಚಿ, ತನ್ನ ಕಪಾಟಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟುಕೊಂಡಳು.

ಮಾರನೇ ಬೆಳಿಗ್ಗೆ ಐದೂವರೆಗೆ ನೀರಜ್ಜಿ ಮಹಡಿಯ ಬಾಗಿಲು ತಟ್ಟಿದಳು. ಹೆಗಲಿಗೆ ಕಂದು ಚೀಲ ಹಾಕಿಕೊಂಡಿದ್ದಳು, ಹಗ್ಗ, ಡಬ್ಬಿ, ಟೋಪಿ, ಟವೆಲ್ಲು ಸಮೇತ.

"ಅತ್ತಿಗೆ, ನಿನ್ನೆ ತಾನೇ—"

"ಈಜಲ್ಲ. ನಡೀತೀನಿ. ಬರ್ತೀಯಾ?"

ಕಲ್ಲು ಮೆಟ್ಟಿಲ ಹತ್ತಿರ ಯಜಮಾನರ ವಾಚಿನಲ್ಲಿ ಆರು ಮಾಡಿಕೊಂಡು ಹೊರಟರು. ನಾದಿನಿ ಎಂದಿನ ಹಾಗೆ ದಡದಡನೆ ಮುಂದೆ ಹೋಗಿ, ತಿರುಗಿ ನೋಡಿ, ನಿಂತಳು. ನೀರಜ್ಜಿ ದಡದ ಅಂಚಿನಲ್ಲಿ ಒಂದು ಹೆಜ್ಜೆ ಇಡುತ್ತಿದ್ದಳು, ನಿಲ್ಲುತ್ತಿದ್ದಳು, ಬಲಕ್ಕೆ ಸಮುದ್ರದ ಕಡೆ ನೋಡುತ್ತಿದ್ದಳು, ಮತ್ತೊಂದು ಹೆಜ್ಜೆ. ನೀರಿನಲ್ಲಿ ಯಾರೂ ಇರಲಿಲ್ಲ. ಹಳದಿ ಎಲೆಗಳು ಮಾತ್ರ ಹರಿವಿನ ಜೊತೆ ನಿಧಾನ ಹೋಗುತ್ತಿದ್ದವು.

"ಹೀಗೆ ನಡೆದ್ರೆ ಮಧ್ಯಾಹ್ನ ಆಗತ್ತೆ ಅತ್ತಿಗೆ."

"ಮುಂದೆ ಹೋಗಬೇಡ. ಜೊತೇಲಿ ಬಾ."

ನಾದಿನಿ ಹಿಂದಕ್ಕೆ ಬಂದು ಜೊತೆಗೂಡಿದಳು. ಬಸ್ಸನ್ನು ಅಟ್ಟಿದ ಕಾಲುಗಳಿಗೆ ಆ ನಡಿಗೆ ದೊಡ್ಡ ಶಿಕ್ಷೆ. ಆದರೂ ನಡೆದಳು. ನೀರಜ್ಜಿ ಒಮ್ಮೆ ಬಗ್ಗಿ ಒಂದು ಕಪ್ಪೆಚಿಪ್ಪು ಎತ್ತಿ ನೋಡಿ ಬಿಸಾಡಿದಳು. ಇದರಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ಅವಳಿಗೆ ಅನ್ನಿಸಿತು. ಚೀಲದ ಪಟ್ಟಿ ಹೆಗಲನ್ನು ಕೊರೆಯುತ್ತಿತ್ತು. ಅದನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಳ್ಳಲಿಲ್ಲ, ಅವರೂ ಬದಲಾಯಿಸಿಕೊಳ್ಳುತ್ತಿರಲಿಲ್ಲ.

ಬಲೆಕಂಬಗಳ ಹತ್ತಿರ ಬಂದಾಗ ಐಸ್ ಫ್ಯಾಕ್ಟರಿಯ ಸೈರನ್ ಕೂಗಿತು.

ನಾದಿನಿ ಅಭ್ಯಾಸದಂತೆ ಕೈ ನೋಡಿಕೊಂಡಳು. "ಏಳಾಯ್ತು ಅತ್ತಿಗೆ."

ನೀರಜ್ಜಿ ಚೀಲದ ಜೇಬಿನಿಂದ ವಾಚು ತೆಗೆದಳು. ಆರು ಮೂವತ್ತೆಂಟು. ಅದನ್ನು ಒಳಗಿಟ್ಟು, ಮರಳು ನೋಡುತ್ತ ಅಂದಳು:

"ಹೊಸ ಮ್ಯಾನೇಜರ್ ಬಂದಿದ್ದಾನೆ ಕಣೇ. ಅವನಿಗೆ ಅವಸರ."